ಬೋರ್ಡಿಲ್ಲದ ಸುಂಕದ ಕಚೇರಿ

ಮೊನ್ನೆ ಹತ್ತರಗಿಯಲ್ಲಿ ಒಂದು ಮದುವೆ. ಅಕ್ಕಿಕಾಳು ಬಿದ್ದ ಮೇಲೆ ಊಟದ ಪಂಗ್ತಿ ಏಳುವತನಕ ಮಂದಿಯನ್ನು ನಗಿಸುತ್ತಿರಬೇಕೆಂದು ನನ್ನನ್ನು ಕರೆಸಿದ್ದರು. ಬಸ್ಸಿನ ಕಂಡಕ್ಟರ, ಸಾಲಿಯ ಹೆಡ್‌ಮಾಸ್ತರ, ಹೆಣ್ಣು ನೋಡಲು ಬಂದ ಬೀಗರು, ಮಳೆಯಲ್ಲಿ ಸ್ಟಾರ್ಟ್ ಆಗದ ಟ್ರ್ಯಾಕ್ಟರು. ನನ್ನ ಮಿಮಿಕ್ರಿ ಅಂಗಡಿಯ ಮಾಲೆಲ್ಲ ಇಷ್ಟೇ. ಟ್ರ್ಯಾಕ್ಟರು ಅರ್ಧಕ್ಕೆ ಬಂದಾಗ ಗಂಟಲು ಕೈಕೊಟ್ಟಿತು. ಮಂದಿ ಅದೂ ಟ್ರ್ಯಾಕ್ಟರಿನದೇ ಸಪ್ಪಳವೆಂದು ತಿಳಿದು ಇನ್ನಷ್ಟು ಚಪ್ಪಾಳೆ ಹೊಡೆದರು. ದೇವರು ಕೆಲವೊಮ್ಮೆ ಕಲಾವಿದನ ಮಾನವನ್ನು ಹೀಗೂ ಕಾಯುತ್ತಾನೆ.

ಹಂದರದ ಹಿಂದೆ ನೀರು ಕುಡಿಯುತ್ತ ನಿಂತಿದ್ದಾಗ ಬೀಗರ ಕಡೆಯ ಮುದುಕರೊಬ್ಬರು ಬಂದು ಅಂಗಿಯ ಕಿಸೆಯಿಂದ ಒಂದು ಬೇರಿನ ತುಂಡು ತೆಗೆದುಕೊಟ್ಟರು. "ದವಡ್ಯಾಗ ಇಟ್ಕೋ ತಮ್ಮಾ. ಕಡೀಬ್ಯಾಡ. ಸುಮ್ನ ಇಟ್ಕೋ."

ಜ್ಯೇಷ್ಠಮಧು. ಮೊದಲು ಕಟ್ಟಿಗೆಯ ರುಚಿ, ಆಮೇಲೆ ಮಣ್ಣಿನದು, ಅದಾದ ಮೇಲೆ ಯಾರೂ ಕರೆಯದೆ ಬರುವ ಒಂದು ಸಿಹಿ. ಆ ಸಿಹಿ ಬಂದದ್ದೇ ತಡ, ಹಂದರ, ಬೀಗರು, ಬ್ಯಾಂಡು ಎಲ್ಲ ದೂರ ಸರಿದು ಗೋಕಾಕದ ಒಂದು ಓಣಿಯೂ ಒಂದು ಮಳೆಗಾಲವೂ ಎದುರಿಗೆ ಬಂದು ನಿಂತವು. ಆ ಮಳೆಗಾಲದಲ್ಲಿ ಈ ಬೇರನ್ನು ದವಡೆಯಲ್ಲಿ ಇಟ್ಟುಕೊಳ್ಳುತ್ತಿದ್ದವನು ನಾನಲ್ಲ. ನನ್ನ ಇತಿಹಾಸದ ಮೇಷ್ಟ್ರು, ಕಾಂಬಳೆ ಸರ.

ನನ್ನ ಹೆಸರು ದಸ್ತಗೀರ, ಊರು ಮೂಡಲಗಿ. ಅಪ್ಪ ಗಾದಿ ಹೊಲಿಯುತ್ತಾರೆ. ನಮ್ಮದು ತಲೆತಲಾಂತರದಿಂದ ಹತ್ತಿ ಹಿಂಜುವ ಮನೆತನ. ನಾನೊಬ್ಬ ಮಾತ್ರ ಹತ್ತಿ ಬಿಟ್ಟು ಮಂದಿಯನ್ನು ಹಿಂಜಲು ಕಲಿತೆ. "ಹತ್ತಿ ಹಿಂಜಿದ್ರ ಗಾದಿ ಆಗ್ತೈತಿ. ಮಂದೀನ ಹಿಂಜಿದ್ರ ಹೊಡ್ತ ಬೀಳ್ತಾವ" ಎಂದು ಅಪ್ಪ ಹೇಳುತ್ತಿದ್ದರು. ಹೊಡೆತಗಳೂ ಬಿದ್ದಿವೆ, ಆ ಹೊಡೆತ ಬಿದ್ದಾಗಿನ ನನ್ನ ಚೀರಾಟವನ್ನೂ ನಾನು ಚೆನ್ನಾಗಿಯೇ ಮಾಡಿ ತೋರಿಸುತ್ತೇನೆ.

ಆ ವರ್ಷ ನನ್ನದು ಗೋಕಾಕದಲ್ಲಿ ಡಿಗ್ರಿಯ ಕೊನೆಯ ವರ್ಷ. ಮುಂಜಾನೆ ಮೂಡಲಗಿಯಲ್ಲಿ ಬಸ್ಸು ಹತ್ತುವುದು, ಸಂಜೆ ಮರಳುವುದು. ಜೂನಿನ ಮಿರಗದ ಮಳೆ ಹೊತ್ತಿಗೆ ಸರಿಯಾಗಿ ಹಿಡಿದಿತ್ತು. ಬಸ್ಸಿನ ಕಿಟಕಿಗೆ ಗಾಜಿರಬೇಕಾದಲ್ಲಿ ತಗಡು, ತಗಡಿರಬೇಕಾದಲ್ಲಿ ತೂತು. ಗೋಕಾಕ ಬರುವ ಹೊತ್ತಿಗೆ ನಾನು ಅರ್ಧ ತೊಯ್ದಿರುತ್ತಿದ್ದೆ. ಉಳಿದರ್ಧಕ್ಕೆ ಯಾವುದಾದರೂ ಅಜ್ಜಿಯ ಕಾಯಿಪಲ್ಲೆ ಬುಟ್ಟಿ ಅಡ್ಡ ಇರುತ್ತಿತ್ತು.

ಕಾಂಬಳೆ ಸರ ಹುಕ್ಕೇರಿಯವರು. ಅಣ್ಣನ ಸಂಸಾರ ಅಲ್ಲಿತ್ತು. ಇವರು ಮದುವೆಯಾಗಿರಲಿಲ್ಲ. ಹೆಂಡತಿ ಮಕ್ಕಳು ಇರಬೇಕಾದ ಜಾಗದಲ್ಲಿ ಅವರಿಗೆ ಒಂದು ವಿಷಯ ಇತ್ತು. ಯುದ್ಧಕಾಲದ ಹಾಂಗ್‌ಕಾಂಗಿನಲ್ಲಿ ಚೀನಾ ಸರಕಾರದ ಸುಂಕದ ಕಚೇರಿ. ನಗಬೇಡಿ. ನಗುವುದೆಲ್ಲ ಆಗಲೇ ನಾವು ನಕ್ಕು ಮುಗಿಸಿದ್ದೇವೆ.

ಸರ ಹೇಳುತ್ತಿದ್ದ ಪ್ರಕಾರ ಸಂಗತಿ ಹೀಗೆ. ಹಾಂಗ್‌ಕಾಂಗ್ ಆಗ ಇಂಗ್ಲಿಷರ ಕೈಯಲ್ಲಿತ್ತು. ಆದರೆ ಚೀನಾದವರದೊಂದು ಸುಂಕದ ಕಚೇರಿ ಆ ಇಂಗ್ಲಿಷರ ನೆಲದಲ್ಲೇ ಕೂತು ಕೆಲಸ ಮಾಡುತ್ತಿತ್ತು. ಜಪಾನು ಚೀನಾದ ಮೇಲೆ ಏರಿ ಬಂದಾಗ ಇಂಗ್ಲಿಷರಿಗೆ ಇಕ್ಕಟ್ಟಾಯಿತು. ಕಚೇರಿ ಇರಲಿ ಎಂದರೆ ಜಪಾನಿಗೆ ಸಿಟ್ಟು. ಎದ್ದು ಹೋಗಿ ಎಂದರೆ ಇಷ್ಟು ದಿನದ ಗೆಳೆತನ ಸುಳ್ಳಾಗುತ್ತದೆ. ಗವರ್ನರ್ ಲಂಡನ್ನಿಗೆ ತಂತಿ ಕಳಿಸುವುದು, ನಿನಗೇನನಿಸುತ್ತದೆ ಎಂದು ಲಂಡನ್ನಿನವರು ಮರುತಂತಿ ಕಳಿಸುವುದು, ಇದೇ ನಡೆದಿತ್ತು. ಸರ ಮುಂಬೈ, ದಿಲ್ಲಿಗಳಲ್ಲಿ ಹಳೆಯ ಕಡತಗಳ ಧೂಳು ಕುಡಿದು ಇದರ ಮೇಲೆ ಪಿಎಚ್‌ಡಿ ಮಾಡಿದ್ದರು. ಹಾಂಗ್‌ಕಾಂಗನ್ನು ಕಣ್ಣಿನಿಂದ ಕಂಡಿರಲಿಲ್ಲ.

"ಕಾಂಬಳೆ, ನಮ್ಮ ನಾಡಿನ ರಾಜರು ಯಾರೂ ಸಿಗಲಿಲ್ಲೇನೋ ನಿನಗ?" ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಕೇಳಿದಾಗ ಸರ ಹೇಳಿದ್ದು ನಮ್ಮ ಕಿವಿಗೂ ಬಿದ್ದಿತ್ತು. "ರಾಜರು ಎಲ್ಲಾರಿಗೂ ಬೇಕಾಗ್ಯಾರ. ಆ ಕಚೇರಿ ಯಾರಿಗೂ ಬ್ಯಾಡಾಗಿತ್ತು. ನಾ ಇಟ್ಕೊಂಡೆ."

ಶನಿವಾರ ಪಾಠ ಇರುತ್ತಿರಲಿಲ್ಲ, ಆ ಕಚೇರಿಯ ಕಥೆಯನ್ನೇ ಆಡಿ ತೋರಿಸುವ ದರ್ಬಾರು ಇರುತ್ತಿತ್ತು. ಮೇಲವಂಕಿಯ ಸುಜಾತಾ ಒಂದು ಮಾತಿಗೆ ಹತ್ತು ಮಾತು ಹೇಳುವ ಹುಡುಗಿ. ಅವಳಿಗೆ ಸರ ಲಂಡನ್ ಪಾತ್ರ ಕೊಟ್ಟರು, ಲಂಡನ್ ಬಾಯಿ ಬಿಡುವುದು ಕಡಿಮೆ ಎಂಬ ಕಾರಣಕ್ಕೆ. ಹಿಂದಿನ ಬೆಂಚಿನವರೆಲ್ಲ ಸೇರಿ ಜಪಾನು. ಸ್ವತಃ ಸರ ಚೀನಾದ ಸುಂಕದ ಸಾಹೇಬರು. ನಾನು ಗವರ್ನರ್. ನನ್ನ ಮೋರೆಗೆ ಗವರ್ನರ್ ಗಿರಿ ಹೊಂದುವುದಿಲ್ಲ ಎಂದು ಜಪಾನಿನವರು ಗದ್ದಲ ಮಾಡಿದರೂ ಸರ ಕೇಳಲಿಲ್ಲ.

ಅಂಥದೊಂದು ಶನಿವಾರ ಹೊರಗೆ ಮಳೆ ಧೋ ಎಂದು ಸುರಿಯುತ್ತಿತ್ತು. ಸರ ಕುರ್ಚಿಯಿಂದೆದ್ದು ಬಂದು ನನ್ನೆದುರು ಕೈಕಟ್ಟಿ ನಿಂತರು. "ಗವರ್ನರ್ ಸಾಹೇಬರ, ನಮ್ಮ ಕಚೇರಿ ಇರಬೇಕೋ ಹೋಗಬೇಕೋ? ಒಂದು ಮಾತು ಹೇಳಿಬಿಡ್ರಿ."

ನಾನು ಏನೂ ಓದಿಕೊಂಡು ಬಂದಿರಲಿಲ್ಲ. ಓದದೆ ಬಂದ ಮಿಮಿಕ್ರಿಯವನು ಏನು ಮಾಡುತ್ತಾನೋ ಅದನ್ನೇ ಮಾಡಿದೆ, ಇನ್ನೊಬ್ಬರ ದನಿ ಕಡ ತಂದೆ. ಹಿಂದಿನ ಬೇಸಿಗೆಯಲ್ಲಿ ಕಾಕಾನ ಮಗನಿಗೆ ಬಾಡಿಗೆ ಮನೆ ಹುಡುಕಲು ಗೋಕಾಕದ ಓಣಿ ಓಣಿ ತಿರುಗಿದ್ದೆ. ಮನೆ ಮಾಲೀಕರ ದನಿಗಳೆಲ್ಲ ಗಂಟಲಲ್ಲಿ ಬೆಚ್ಚಗೆ ಕೂತಿದ್ದವು. ಕ್ಲಾಸಿನ ಬಾಗಿಲಿಗೆ ಹೋಗಿ, ಒಂದು ಕದ ತೆರೆದು ಇನ್ನೊಂದನ್ನು ಹಿಡಿದುಕೊಂಡು ಶುರು ಮಾಡಿದೆ.

"ಇರ್ರಿ, ಇರ್ರಿ, ಯಾರು ಬ್ಯಾಡ ಅಂದಾರು? ನಿಮ್ಮದ ಮನಿ ಅನ್ಕೋರಿ. ಆದ್ರ ಬೋರ್ಡ್ ಹಚ್ಚಬ್ಯಾಡ್ರಿ. ಮುಂದಿನ ಬಾಗಲಾ ಬ್ಯಾಡ, ಬಾಜೂ ಪಾವಟಿಗಿ ಐತಲ್ಲ, ಅಲ್ಲಿಂದ ಬರ್ರಿ. ನಿಮ್ಮ ಮಂದಿ ಭಾಳ ಬಂದು ಹೋಗೂದು ಬ್ಯಾಡ. ಯಾರರೆ ಕೇಳಿದ್ರ ಬೀಗರು ಪಾವಣ್ಯಾರು ಬಂದಾರ ಅಂತೇನಿ. ನೋಡ್ರಿ ಮತ್ತ, ನಾ ಇರ್ರಿ ಅಂತೂ ಅಂದಿಲ್ಲ, ಹೋಗ್ರಿ ಅಂತೂ ಅಂದಿಲ್ಲ!"

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಲಂಡನ್ ಕೂಡ ಬೆಂಚು ಬಡಿಯಿತು. ಸರ ಮಾತ್ರ ನಗಲಿಲ್ಲ. ಕಣ್ಣಿನ ಚಾಳೀಸು ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಮತ್ತೆ ಹಾಕಿಕೊಂಡರು. "ನಾ ಇಷ್ಟು ವರ್ಷ ಕಡತದಾಗ ಹುಡುಕಿದ್ದನ್ನ ಈ ಮಗಾ ಬಾಗಲದಾಗ ನಿಂತು ಹೇಳಿಬಿಟ್ಟ" ಎಂದರು. ಆಮೇಲೆ ನನ್ನ ಕಡೆ ನೋಡಿ, "ಸಂಜೀಕ ಮನಿಗೆ ಬಾ."

ಸರನ ಬಾಡಿಗೆ ಖೋಲಿ ಇದ್ದದ್ದು ಶಾಂತವ್ವನ ಮನೆಯ ಮಹಡಿಯಲ್ಲಿ. ಶಾಂತವ್ವ ಮನೆಯಲ್ಲೇ ಕರದಂಟು ಮಾಡುತ್ತಿದ್ದವರು. ಮಗ ಡಬ್ಬಿಗಳನ್ನು ಅಂಗಡಿಗಳಿಗೆ ಹಾಕಿ ಬರುತ್ತಿದ್ದ. ಓಣಿಗೆ ಕಾಲಿಡುವಾಗಲೇ ತುಪ್ಪದಲ್ಲಿ ಅಂಟು ಅರಳುವ ವಾಸನೆ ಬಂದು ಮೂಗು ಹಿಡಿಯುತ್ತಿತ್ತು. ಮನೆಗೆ ಮುಂದೆ ದೊಡ್ಡ ಎರಡು ಕದದ ಬಾಗಿಲು. ನಾವು ಅದರ ಮುಂದಿನಿಂದ ಹಾದು ಹೋಗಿ ಬಾಜೂ ಗೋಡೆಗೆ ಅಂಟಿಕೊಂಡಿದ್ದ, ಒಬ್ಬರು ಇಳಿಯುವಾಗ ಇನ್ನೊಬ್ಬರು ಹತ್ತಲಾಗದ ಪಾವಟಿಗೆ ಹಿಡಿದೆವು. ಮೊದಲ ಮೆಟ್ಟಿಲ ಮೇಲೆ ನಿಂತು ಸರ ಕೂಗಿದರು.

"ಅಕ್ಕಾರ, ನಾ ಬಂದೇನ್ರಿ."

"ಹೂಂ ರಿ ಸರ" ಎಂದು ಒಳಗಿನಿಂದ ಬಂತು.

ಅಷ್ಟೇ. ದಿನವೂ ಅಷ್ಟೇ ಅಂತೆ. ಬರುವಾಗ ಒಂದು ಕೂಗು, ಒಂದು ಹೂಂ. ಹೋಗುವಾಗ ಒಂದು ಕೂಗು, ಒಂದು ಹೂಂ.

ಖೋಲಿಯಲ್ಲಿ ಪುಸ್ತಕ, ಒಂದು ಮಂಚ, ಒಳಗಿನ ಗೋಡೆಯ ಮೇಲೆ ಬುದ್ಧನ ಫೋಟೋ. ಮೂಲೆಯಲ್ಲಿ ಇನ್ನೊಂದು ಬಾಗಿಲಿತ್ತು. ಅದರಾಚೆ ಮನೆಯೊಳಕ್ಕೆ ಇಳಿಯುವ ಅಗಲವಾದ ಒಳಪಾವಟಿಗೆ ಇತ್ತಂತೆ. ಕೆಳಗಿನಿಂದ ಅಗಳಿ ಹಾಕಿತ್ತು. ಬೋರ್ಡು ಎಲ್ಲಿಯೂ ಇರಲಿಲ್ಲ. ನಾನು ಸುತ್ತ ನೋಡಿದೆ, ಮಧ್ಯಾಹ್ನ ನಾನಾಡಿದ ಒಂದೊಂದೇ ಮಾತು ನೆನಪಾಗಿ ಕಿವಿ ಬಿಸಿಯಾದವು. ಸರ ಅದನ್ನು ಕಂಡು ನಕ್ಕರು.

"ನಿನಗೇನು ಗೊತ್ತಿತ್ತೋ ಮಾರಾಯ. ಕೂಡು" ಎಂದು ಚಹಾಕ್ಕಿಟ್ಟು ಹೇಳಿದರು. "ನಾ ಈ ಊರಿಗೆ ಬಂದಾಗ ಎಲ್ಲಾ ಮನ್ಯಾಗೂ ಹೆಸರು ಕೇಳಿದ್ರು. ಆಮ್ಯಾಲೆ, ಜಾತಿ ತಿಳೀಲಿ ಅಂತ, ಅಡ್ಡಹೆಸರು ಕೇಳಿದ್ರು. ಆಮ್ಯಾಲೆ, ಮಗಳು ಬರಾಕತ್ತಾಳ್ರಿ, ಮನಿ ನಮಗ ಬೇಕಾಗೇತಿ ಅಂದ್ರು. ಊರ ತುಂಬ ಮಗಳು ಬರೂದ ಬರೂದು. ಇಲ್ಲೆ ಅಕ್ಕಾರು ಏನೂ ಕೇಳಲಿಲ್ಲ. ನಳಾ ತೋರಸಾಕ ಮ್ಯಾಲ ಬಂದ್ರು. ನಾ ಪೆಟ್ಟಿಗ್ಯಾಗಿಂದ ಬುದ್ಧನ ಫೋಟೋ ತಗೀಲಿಕ್ಕತ್ತಿದ್ದೆ. ಒಂದು ಗಳಿಗಿ ನೋಡಿದ್ರು. ಫೋಟೋ ಛಲೋ ಐತ್ರಿ, ಒಳಗಿನ ಗ್ವಾಡಿಗೆ ಹಚ್ಕೋರಿ ಅಂದ್ರು. ಕೆಳಗಿಳಿಯೂ ಮುಂದ, ಬೋರ್ಡ್ ಏನೂ ಬ್ಯಾಡಲ್ಲರಿ ಅಂದ್ರು. ಇಷ್ಟ."

"ನಿಮಗ ಸಿಟ್ಟ ಬರಲಿಲ್ಲೇನ್ರಿ ಸರ?"

"ಅರ್ಧಾ ಬಾಗಲಾ ಮುಚ್ಚ್ಯಾಳ ಅಂತ ಸಿಟ್ಟಾಗಲೋ, ಅರ್ಧಾ ತಗದಾಳ ಅಂತ ನೆನೀಲೋ, ನನಗ ಇನ್ನಾ ಬಗೆಹರಿದಿಲ್ಲೋ ದಸ್ತಗೀರ. ಅದಕ್ಕ ಪಿಎಚ್‌ಡಿ ಮಾಡೀನಿ."

"ನಿಮಗರೆ ಅರ್ಧಾ ತಗದಾರ್ರಿ. ನನ್ನ ಹೆಸರು ಕೇಳಿದ್ರ ಕಿಟಕೀನೂ ಹಾಕ್ಕೋತಾರ" ಎಂದೆ. ಇಬ್ಬರೂ ಎಷ್ಟು ನಕ್ಕೆವೆಂದರೆ ಚಹಾ ಉಕ್ಕಿ ಒಲೆ ಆರಿತು.

ಅಂದಿನಿಂದ ಆ ಖೋಲಿಯ ಹೆಸರು ಸುಂಕದ ಕಚೇರಿ. ಶಾಂತವ್ವನ ಮೈದುನ ನಿಂಗಪ್ಪ ಅದೇ ಮನೆಯ ಇನ್ನರ್ಧದಲ್ಲಿದ್ದ. ಬಾಡಿಗೆಗೆ ವ್ಯಾನು ಓಡಿಸುತ್ತಿದ್ದ ಆತ ನಾವು ಪಾವಟಿಗೆ ಹತ್ತುವಾಗಲೆಲ್ಲ ವ್ಯಾನು ಒರೆಸುವುದು ಬಿಟ್ಟು, "ಏನ್ರಪಾ, ಇದೇನು ಧರ್ಮಶಾಲಿ ಅನ್ಕೊಂಡೀರೇನು?" ಎನ್ನುತ್ತಿದ್ದ. ಹೀಗಾಗಿ ಈ ಕಚೇರಿಗೆ ಆತನೇ ಜಪಾನು. ಶಾಂತವ್ವನ ಗಂಡ ತೀರಿಕೊಂಡ ಮೇಲೂ ಮನೆ ಇಬ್ಬರ ಹೆಸರಿನಲ್ಲಿ ಕೂಡಿಯೇ ಇತ್ತು. ಹೀಗಾಗಿ ಆಕೆಗೆ ಜಪಾನಿನ ಮಾತನ್ನು ಕಿವಿಯಾಚೆ ಹಾಕುವಂತಿರಲಿಲ್ಲ.

ಆಷಾಢದಲ್ಲಿ ನನ್ನ ಸರ ಕೆಟ್ಟುಹೋದ. ಅಂದರೆ, ನಾನು ಮಾಡುತ್ತಿದ್ದ ಸರನ ಮಿಮಿಕ್ರಿ. ಹಿಂದಿನ ಬೆಂಚಿನ ಜಪಾನಿನವರೇ ಹೇಳಿದರು, "ಲೇ, ಮೊದಲಿನಂಗ ಬರವಲ್ದು." ದನಿ ಹಿಡಿಯುವುದೆಂದರೆ ಬರೀ ದನಿ ಹಿಡಿಯುವುದಲ್ಲ. ಮನುಷ್ಯ ಮಾತಿನ ನಡುವೆ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೋ ಆ ಜಾಗ ಹಿಡಿಯಬೇಕು. ಸರ 'ಅಂದ್ರ' ಎಂದ ಮೇಲೆ ಉಸಿರೆಳೆಯುತ್ತಿದ್ದರು. ನಾನು ವಾರವೆಲ್ಲ ಕಿವಿಗೊಟ್ಟು ಕೇಳಿದೆ. ತಪ್ಪು ನನ್ನದಾಗಿರಲಿಲ್ಲ. ಸರನ ಉಸಿರು ಈಗ 'ಅಂದ್ರ' ಬರುವ ಮೊದಲೇ ತುಂಡಾಗುತ್ತಿತ್ತು, ಮತ್ತು ಮಾತಿನ ತುದಿಗೆ ಒಂದು ಸಣ್ಣ ಗೊರಗೊರ ಸೇರಿತ್ತು.

"ಸರ, ನಿಮ್ಮ ದನಿ ಬದಲಾಗೇತ್ರಿ" ಎಂದೆ. "ಹಳೇದರ ಮ್ಯಾಲೆ ನಾ ಎಷ್ಟು ಮೆಹನತ್ ಮಾಡಿದ್ದೆ. ಎಲ್ಲಾ ನೀರಾಗ ಹೋತು."

"ಮಳಿಗಾಲಲೇ. ಥಂಡಿ ಆಗಿರ್ತೈತಿ" ಎಂದು ಸರ ಪೇಟೆಯಿಂದ ಜ್ಯೇಷ್ಠಮಧು ತಂದುಕೊಂಡರು. ಖೋಲಿಯ ತುಂಬ ಅದರ ವಾಸನೆ. ಹೊಸ ದನಿಯನ್ನು ನಾನು ಕಲಿತೆ. ವಾರ ಕಳೆಯುವುದರಲ್ಲಿ ಅದೂ ಹಳತಾಯಿತು. ಮುಂದಿನದನ್ನು ಕಲಿಯಲು ನನಗೆ ಮನಸ್ಸಾಗಲಿಲ್ಲ. ನಾನೇ ಗಂಟುಬಿದ್ದು ಬೆಳಗಾವಿಯ ದವಾಖಾನೆಗೆ ಅವರನ್ನು ಹೊರಡಿಸಿದೆ. ಗಂಟಲಲ್ಲಿ ಗಡ್ಡೆ, ಬಹಳ ಮುಂದೆ ಹೋಗಿದೆ, ಕತ್ತರಿಸಿದರೂ ಉಪಯೋಗ ಕಡಿಮೆ ಎಂದು ಡಾಕ್ಟರು ಹೇಳಿದರಂತೆ. ಮರಳಿ ಬಂದ ಸರ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಭುಜ ಹಿಡಿದು, "ಮೊದಲ ನೀ ಕಂಡುಹಿಡದಿ. ನಿನ್ನ ಹೆಸರಿನ ಮುಂದ ಡಾಕ್ಟರ್ ಅಂತ ಹಚ್ಕೋ. ನನ್ನದಕ್ಕಿಂತ ಖರೇ ಡಾಕ್ಟರ್ ನಿಂದು" ಎಂದರು. ನಾನು ಅವರ ಕೈಚೀಲ ಕಸಿದುಕೊಂಡು ಮುಂದೆ ನಡೆದೆ.

ಮಳೆ ಜೋರಾಯಿತು. ಪುಷ್ಯ ಮುಗಿದು ಆಶ್ಲೇಷಾ ಹಿಡಿಯಿತು, ಘಟಪ್ರಭೆ ಕೆಂಪಾಗಿ ಉಬ್ಬಿ ಹೊಲಕ್ಕೆ ನುಗ್ಗಿತು, ಕಬ್ಬು ಬರೀ ಗರಿ ತೋರಿಸುತ್ತ ನಿಂತಿತು. ಸೇತುವೆ ಮುಳುಗಿ ಮೂಡಲಗಿಯ ಬಸ್ಸು ನಿಂತಾಗ ನಾನು ಸರನ ಖೋಲಿಯಲ್ಲೇ ಉಳಿದೆ. ಆ ದಿನಗಳಲ್ಲಿ ಶಾಂತವ್ವ ತಾವೇ ಮೇಲೆ ಬರತೊಡಗಿದರು. ತುಪ್ಪ ಬಿಟ್ಟ ತೆಳ್ಳನೆಯ ಗಂಜಿಯ ಬೋಗುಣಿ ಹಿಡಿದು ಹೊಸ್ತಿಲ ಹೊರಗೆ ನಿಲ್ಲುವರು. ಸೆರಗಿನ ಮೇಲೆ ಮಳೆ.

"ಒಳಗ ಬರ್ರಿ ಅಕ್ಕಾರ, ತೊಯ್ಯಾಕತ್ತೀರಿ" ಎಂದು ಸರ ಪಿಸುಗುಡುವರು.

"ಇಲ್ಲೇ ಛಲೋ ಐತ್ರಿ. ನೀವು ಉಣ್ರಿ" ಎಂದು ಆಕೆ, ತಮ್ಮದೇ ಮನೆಯ ಖೋಲಿಯ ಹೊರಗೆ, ಬೋಗುಣಿ ಬರಿದಾಗುವತನಕ ನಿಂತಿರುವರು.

ಒಂದು ಮಧ್ಯಾಹ್ನ ಸುಜಾತಾ, ನಾನು ಮೇಲೆ ಸರನ ಹತ್ತಿರ ಕೂತಿದ್ದೆವು. ಕೆಳಗೆ ನಿಂಗಪ್ಪನ ದನಿ ಕೇಳಿತು. ಶಾಂತವ್ವನೊಂದಿಗೆ ಮಾತನಾಡುತ್ತಿದ್ದರೂ ಮಹಡಿಗೆ ಮುಟ್ಟಬೇಕೆಂದೇ ಎತ್ತಿದ ದನಿ.

"ವೈನಿ, ಕೇಳೂದು ಕೇಳಿಬಿಡ್ತೇನಿ. ದವಾಖಾನ್ಯಾಗ ಆಗೂದಿಲ್ಲ ಅಂದಾರಂತ. ನಾಳೆ ಇಲ್ಲೇ ಏನರೆ ಆತು ಅಂದ್ರ? ಶ್ರಾವಣ ಮುಗದ ಕೂಡ್ಲೆ ಮಗಳ ಅಕ್ಕಿಕಾಳು ಇಟ್ಕೊಂಡೇವಿ."

ಕೆಳಗೆ ಶಾಂತವ್ವನ ಕಡಾಯಿಯಲ್ಲಿ ಸೌಟಿನ ಸಪ್ಪಳ ನಿಂತಿತು.

"ಆ ಬಾಜೂ ಪಾವಟಿಗಿಯೊಳಗ ಮಂಚ ಇಳಿಯೂದಿಲ್ಲ, ಹೆಣಾ ಇಳಿತೈತೇನು? ಒಳಗಿಂದನ ಇಳಸಬೇಕು. ಪಡಸಾಲ್ಯಾಗ ಹಾದು, ದೇವರ ಮುಂದ ಹಾದು, ಮುಂದಿನ ಬಾಗಲದಿಂದನ ಹೊರಗ ತಗೀಬೇಕು. ಹೂಂ ಅಂತೀಯೇನು? ಏನರೆ ಒಂದು ಹೇಳು. ಓಣಿ ಮಂದಿ ನನ್ನ ಕೇಳಾಕತ್ತಾರ."

ಸ್ವಲ್ಪ ಹೊತ್ತಿಗೆ ಸುಟ್ಟ ಬೆಲ್ಲದ ವಾಸನೆ ಮೇಲಕ್ಕೆ ಬಂತು. ಕಣ್ಣು ಮುಚ್ಚಿಕೊಂಡೂ ಪಾಕದ ಹದ ಹೇಳುವ ಹೆಂಗಸು ಒಂದು ಕಡಾಯಿ ಪಾಕವನ್ನು ಹೊತ್ತಲು ಬಿಟ್ಟಿದ್ದರು.

ಸುಜಾತಾ ಎದ್ದು ನಿಂತಳು. "ನಡೀಲೇ ದಸ್ತಗೀರ. ಕೆಳಗ ಹೋಗಿ ಅಕ್ಕಾರನ್ನ ನೇರ ಕೇಳೂನು. ಸರ ಇಲ್ಲೇ ಇರ್ತಾರ, ಏನರೆ ಆದ್ರ ಮುಂದಿನ ಬಾಗಲಾ ತಗೀತೀರೋ ಇಲ್ಲೋ, ಹೇಳಿಬಿಡ್ರಿ ಅನ್ನೂನು."

ಸರ ಕೈ ಅಡ್ಡ ಹಿಡಿದರು. ದನಿ ಆಗ ಬರೀ ಗಾಳಿಯಾಗಿತ್ತು. ಹತ್ತಿರ ಬಗ್ಗಿ ಕೇಳಬೇಕಾಗಿತ್ತು.

"ಕೇಳಬ್ಯಾಡ್ರಿ. ಕೇಳದ ಇರೂತನಕ ನಾ ಇಲ್ಲೆ ಅದೇನಿ. ಕೇಳಿದ್ರ ಆಕಿ ಹೇಳಬೇಕಾಗ್ತೈತಿ. ಇಲ್ಲ ಅಂದ್ರ, ಇಷ್ಟು ವರ್ಷ ಇದ್ದದ್ದೂ ಇಲ್ಲ ಆಗ್ತೈತಿ."

"ಮತ್ತ ಹೂಂ ಅಂದ್ರ?" ಎಂದೆ ನಾನು.

"ನಾ ಸತ್ತು ಹೋಗ್ತೇನಿ. ಆಕಿ ಈ ಓಣ್ಯಾಗ ಇರಬೇಕಲ್ಲೋ."

ಸುಜಾತಾ ಕಿಟಕಿಯ ಕಡೆ ಮುಖ ತಿರುಗಿಸಿ ನಿಂತಳು. ಏನಾದರೂ ಮಾತನಾಡಬೇಕೆಂದು ನಾನು ಕೇಳಿದೆ, "ಸರ, ಆ ಗವರ್ನರ್ ಕಡೀಕ ಏನಂದ?"

"ಏನೂ ಅನ್ನಲಿಲ್ಲ. ತಂತಿ ಬರಿಯೂದ್ರಾಗ ಇದ್ದ. ಜಪಾನ ಬಂತು. ಕಚೇರಿನೂ ಹೋತು, ಗವರ್ನರ್ ಮನೀನೂ ಹೋತು."

ಮರುದಿನ ಬೆಳಿಗ್ಗೆ ಸರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದರು. ಹುಕ್ಕೇರಿಗೆ, ಅಣ್ಣನ ಮನೆಗೆ ಹೋಗುವುದೆಂದು ರಾತ್ರಿಯೇ ತೀರ್ಮಾನಿಸಿದ್ದರು. ಒಂದು ಚೀಲದಲ್ಲಿ ಬಟ್ಟೆ, ಬುದ್ಧನ ಫೋಟೋ. ಪುಸ್ತಕ ಆಮೇಲೆ ತಂದುಕೊಡು ಎಂದು ನನಗೆ ಸನ್ನೆ ಮಾಡಿದರು. ಪಾವಟಿಗೆ ಇಳಿದು ಕೊನೆಯ ಮೆಟ್ಟಿಲಲ್ಲಿ ನಿಂತು ಅಭ್ಯಾಸದಂತೆ ಬಾಯಿ ತೆರೆದರು. ದನಿ ಹೊರಡಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಗಂಟಲ ಮೇಲೆ ಬೆರಳಿಟ್ಟು, ನೀ ಕೂಗು ಎಂದು ತೋರಿಸಿದರು.

ಸರನ ಮುಂದೆಯೇ ಸರನ ದನಿ ತೆಗೆದು ನಾನು ಎಷ್ಟೋ ಸಲ ಬೈಸಿಕೊಂಡಿದ್ದೇನೆ. ಅವರೇ ಹೇಳಿ ಮಾಡಿಸಿದ್ದು ಅದೊಂದೇ ಸಲ. ನಾನು ಹಳೆಯ ದನಿಯನ್ನೇ ತೆಗೆದೆ, ಮಿರಗದ ಮಳೆಯ ಕಾಲದ್ದನ್ನು, ಗೊರಗೊರ ಇಲ್ಲದ್ದನ್ನು.

"ಅಕ್ಕಾರ, ನಾ ಹುಕ್ಕೇರಿಗೆ ಹೋಗಿ ಬರ್ತೇನ್ರಿ."

"ಹೂಂ ರಿ ಸರ" ಎಂದು ಒಳಗಿನಿಂದ ಬಂತು, ದಿನದಂತೆ. ಆಮೇಲೆ ಏನೋ ಬಿದ್ದ ಸಪ್ಪಳ. ಶಾಂತವ್ವ ಓಡಿ ಬಂದರು. ಎರಡೂ ಕೈ ತುಪ್ಪ, ಸೆರಗು ಜಾರಿದೆ. ಆ ದನಿ ಕೇಳಿ ಆಕೆಗೆ ಏನನಿಸಿತ್ತೋ. ಸರನನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಸರನನ್ನು. ಸರ ಕೈಮುಗಿದರು. ತುಪ್ಪದ ಕೈ ಮುಗಿಯಲಾಗದೆ ಆಕೆ ಹಾಗೇ ಎತ್ತಿ ಹಿಡಿದುಕೊಂಡು ನಿಂತರು.

"ಮಳಿ ಐತ್ರಿ" ಎಂದರು. "ನಿಂತ ಮ್ಯಾಲೆ ಹೋಗಬಹುದಾಗಿತ್ತು."

ಆ ಮಳೆ ನಿಲ್ಲುವ ಲಕ್ಷಣ ಎಲ್ಲಿಯೂ ಇರಲಿಲ್ಲ. ಸರ ನನ್ನ ಕಡೆ ನೋಡಿ ಮುಗುಳ್ನಕ್ಕರು. ಗವರ್ನರ್ ಮಾತನ್ನು ನಾವಿಬ್ಬರೂ ಗುರುತು ಹಿಡಿದಿದ್ದೆವು.

ಕರೆದೊಯ್ದದ್ದು ನಿಂಗಪ್ಪನ ವ್ಯಾನು. ಯಾರೂ ಕೇಳಿರಲಿಲ್ಲ, ಆತನೇ ಬಾಗಿಲು ತೆರೆದು, ಹಿಂದಿನ ಸೀಟಿನ ಮೇಲೆ ಮನೆಯ ಕೌದಿ ಹಾಸಿ ನಿಂತಿದ್ದ. ಕೊಣ್ಣೂರಿನತನಕ ಒಂದು ತಗ್ಗಿನಲ್ಲೂ ಗಾಲಿ ಇಳಿಸಲಿಲ್ಲ. ಜಲಪಾತದ ಭೋರ್ಗರೆತ ಕೇಳುವ ಕಡೆ ವ್ಯಾನು ನಿಲ್ಲಿಸಿ ಮಳೆಯಲ್ಲೇ ಇಳಿದು ಹೋಗಿ ಎಳನೀರು ತಂದ. ಸರ ಎರಡು ಗುಟುಕು ಇಳಿಸಿದರು. ನನ್ನ ಕಿವಿಗೆ ಬಾಯಿ ಹಚ್ಚಿ, "ಜಪಾನಿನ ಮ್ಯಾಲೆ ಸಿಟ್ಟ ಇಟ್ಕೋಬ್ಯಾಡ" ಎಂದರು.

"ಏನಂದ್ರು ಸರ?" ಎಂದು ನಿಂಗಪ್ಪ ಕನ್ನಡಿಯಲ್ಲಿ ನೋಡಿ ಕೇಳಿದ.

"ಎಳನೀರು ಛಲೋ ಐತಿ ಅಂದ್ರು ರಿ" ಎಂದೆ.

ನಿಂಗಪ್ಪ ತಲೆಯಾಡಿಸಿದ. ಹುಕ್ಕೇರಿ ಬರುವತನಕ ಕನ್ನಡಿ ನೋಡಲಿಲ್ಲ.

ಮಘಾ ಮಳೆ ಮುಗಿಯುವ ಮೊದಲೇ ಸರ ಹೋದರು. ಹುಕ್ಕೇರಿಯ ಮನೆಯ ಮುಂದೆ, ಅಣ್ಣನ ಹೆಸರಿನ ಬೋರ್ಡಿನ ಕೆಳಗೆ, ಬಿಳಿ ಬಟ್ಟೆಯವರೆಲ್ಲ ಕೂಡಿ ಬುದ್ಧನ ತ್ರಿಶರಣ ಹೇಳಿದರು. ಲಂಡನ್, ಹಿಂದಿನ ಬೆಂಚಿನ ಜಪಾನು, ಎಲ್ಲ ಬಂದಿದ್ದೆವು. ನಿಂಗಪ್ಪ ವ್ಯಾನಿಗೆ ಒರಗಿ ದೂರ ನಿಂತಿದ್ದ. ಶಾಂತವ್ವ ಬಂದಿರಲಿಲ್ಲ. ಆಮೇಲೆ ನಾನು ಪುಸ್ತಕ ಒಯ್ಯಲು ಹೋದಾಗ ಮಗ ಬಂದು ಬೀಗ ತೆಗೆದ. ಸರನ ದನಿಯನ್ನು ನಾನು ಮತ್ತೆ ತೆಗೆಯಲಿಲ್ಲ. ಗ್ಯಾದರಿಂಗುಗಳಲ್ಲಿ ಹಳೆಯ ಗೆಳೆಯರು ಕೇಳಿದರೆ ಆ ಮಾಲು ಖಲಾಸ್ ಆಗೇತಿ ಎನ್ನುತ್ತಿದ್ದೆ.

ಹತ್ತರಗಿಯ ಮದುವೆಯ ಮರುದಿನ ಮೂಡಲಗಿಗೆ ಹೋಗಬೇಕಾದವನು ಗೋಕಾಕದಲ್ಲಿ ಇಳಿದುಬಿಟ್ಟೆ. ಜಿಟಿಜಿಟಿ ಮಳೆ. ಓಣಿಯ ಬಾಯಲ್ಲೇ ಅಂಟಿನ ವಾಸನೆ ಬಂದು ಹಿಡಿಯಿತು. ಶಾಂತವ್ವ ಕಟ್ಟೆಯ ಮೇಲೆ ಕೂತು ಒಣಕೊಬ್ಬರಿ ಹೆರೆಯುತ್ತಿದ್ದರು. ಕೂದಲು ಬೆಳ್ಳಗಾಗಿದೆ. ನನ್ನನ್ನು ಸ್ವಲ್ಪ ಹೊತ್ತು ನೋಡಿ, "ಗವರ್ನರ್ ಅಲ್ಲೇನೋ ನೀ?" ಎಂದರು.

ನನ್ನ ಪಾತ್ರದ ಹೆಸರು ಆಕೆಗೆ ಗೊತ್ತಿತ್ತು. ಮಹಡಿಯ ಮಾತೆಲ್ಲ ಕೆಳಗೂ ಕೇಳುತ್ತಿತ್ತಂತೆ.

"ಎಲ್ಲಾ ಕೇಳ್ತಿತ್ತೋ ತಮ್ಮಾ. ಆ ಮಧ್ಯಾಹ್ನ ಸರ ಏನಂದ್ರೋ ಕೇಳಲಿಲ್ಲ, ಅಷ್ಟು ದನಿ ಎಲ್ಲಿತ್ತು ಅವರಿಗೆ. ಆ ಹುಡುಗಿ, ಕೇಳೂನು ನಡಿ ಅಂದದ್ದು ಕೇಳ್ತು. ನಾ ಕೈ ತೊಳಕೊಂಡು ಕುಂತೆ. ಬರತಾರ, ಕೇಳತಾರ ಅಂತ ಕುಂತೆ. ಯಾರೂ ಇಳೀಲಿಲ್ಲ."

"ಕೇಳಿದ್ರ ಏನಂತಿದ್ರಿ ಅಕ್ಕಾರ?"

ಆಕೆ ಕೊಬ್ಬರಿ ಹೆರೆಯುವುದು ನಿಲ್ಲಿಸಿದರು. "ನನಗೇನು ಗೊತ್ತೋ ತಮ್ಮಾ. ಹೂಂ ಅಂತಿದ್ನೋ ಏನೋ. ಇಲ್ಲ ಅಂತಿದ್ನೋ. ಕೇಳಿದ್ರ ಅಲ್ಲ ಗೊತ್ತಾಗೂದು? ಅವರು ಭಾಳ ಶಾಣ್ಯಾರು. ನನಗ ತ್ರಾಸ ಆಗಬಾರದು ಅಂತ ಎದ್ದು ಹೋದ್ರು. ಆ ತ್ರಾಸ ಇನ್ನಾ ಇಲ್ಲೇ ಕುಂತೈತಿ."

ನಾನು ಆಕೆಯ ಮುಂದಿದ್ದ ಕೊಬ್ಬರಿ ಬಟ್ಟಲೊಂದನ್ನು ಎತ್ತಿಕೊಂಡು ಸುಮ್ಮನೆ ತಿರುಗಿಸುತ್ತ ಕೂತೆ. ಆಕೆ ಎದ್ದರು. ಕೈಯನ್ನು ಸೆರಗಿಗೆ ಒರೆಸಿಕೊಂಡರು.

"ಆ ದಿನಾ ಅವರ ದನ್ಯಾಗ ಕೂಗಿದ್ಯಲ್ಲ. ಒಮ್ಮೆ ಕೂಗು."

"ಬ್ಯಾಡ್ರಿ ಅಕ್ಕಾರ. ನಿನ್ನಿಯಿಂದ ಗಂಟಲಾ ಬಿದ್ದೈತಿ."

"ಕೂಗೋ."

ಆಕೆ ಒಳಗೆ ಹೋಗಿ ಮುಂದಿನ ಬಾಗಿಲು ಹಾಕಿಕೊಂಡರು. ನಾನು ಎದ್ದು, ಕಾಲಿನ ಅಭ್ಯಾಸಕ್ಕೆ, ಬಾಜೂ ಪಾವಟಿಗೆಯ ಕಡೆ ನಡೆದೆ. ಒಳಗಿನಿಂದಲೇ ನನ್ನ ಹೆಜ್ಜೆ ಕೇಳಿರಬೇಕು. "ಅಲ್ಲೆಲ್ಲಿ ಹೊಂಟಿ? ಮುಂದ ಬಾ" ಎಂದರು.

ಮರಳಿ ಬಂದು ಎರಡು ಕದದ ಬಾಗಿಲ ಎದುರು ನಿಂತೆ. ಆಚೆ ನಿಂಗಪ್ಪನ ಮನೆಯ ಕಿಟಕಿ ತೆರೆದಿತ್ತು. ದವಡೆಯಲ್ಲಿ ನಿನ್ನೆಯ ಬೇರಿನ ಒಂದೆಳೆ ಇನ್ನೂ ಉಳಿದಿತ್ತು. ಉಸಿರು ತೆಗೆದುಕೊಳ್ಳುವ ಜಾಗವನ್ನು ಹುಡುಕಿಕೊಂಡೆ. ಅದು ಇದ್ದಲ್ಲೇ ಇತ್ತು.

"ಅಕ್ಕಾರ, ನಾ ಬಂದೇನ್ರಿ."

"ಹೂಂ ರಿ ಸರ."

ಯಾವಾಗಲೂ ಅಲ್ಲಿಗೆ ಮುಗಿಯುತ್ತಿತ್ತು. ಈ ಸಲ ಅಗಳಿ ಸರಿದ ಸಪ್ಪಳವಾಯಿತು. ಒಂದು ಕದ ತೆರೆಯಿತು. ನಿಂತೆ. ಎರಡನೆಯದೂ ತೆರೆಯಿತು. ಶಾಂತವ್ವ ತಲೆಯ ಮೇಲೆ ಸೆರಗು ಹೊದ್ದು ಬದಿಗೆ ಸರಿದು ನಿಂತಿದ್ದರು. ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಅದಕ್ಕಿಂತ ಸ್ವಲ್ಪ ಮೇಲಿತ್ತು. ಸರ ನನಗಿಂತ ಎತ್ತರ.

"ಬರ್ರಿ ಸರ" ಎಂದರು. "ಒಳಗ ಬರ್ರಿ."

ಚಪ್ಪಲಿ ಬಿಟ್ಟೆ. ಊರಿನ ಎಲ್ಲರ ನಡಿಗೆಯನ್ನೂ ಬಲ್ಲ ನಾನು ಯಾರ ನಡಿಗೆಯಲ್ಲಿ ಆ ಹೊಸ್ತಿಲು ದಾಟಬೇಕೋ ತಿಳಿಯದೆ ಮಳೆಯಲ್ಲೇ ನಿಂತುಬಿಟ್ಟೆ.